ಪುಕ್ಕದ ಬಣ್ಣ, ತತ್ತಿಯ ಲೆಕ್ಕ

ಧಾರವಾಡ ಜಿಲ್ಲೆಯ ಅಣ್ಣಿಗೇರಿ ತಾಲ್ಲೂಕಿನ ಶಲವಡಿಯಂಥ ಎರೆಹೊಲದ ಊರುಗಳಲ್ಲಿ ಮನೆಯ ಕೋಳಿಯನ್ನು ಗುರುತಿಸುವುದೇ ಬಣ್ಣದಿಂದ. ಕರಿ ಹೇಂಟೆ, ಕೆಂಪು ಹುಂಜ, ಚಿಕ್ಕಿಯದು, ಬೋಳುಗುತ್ತಿಗೆಯದು. ಸಂಜೆ ಬುಟ್ಟಿ ಮುಚ್ಚುವ ಮುನ್ನ ಮನೆಯಾಕೆ ಎಣಿಸುವುದು ಈ ಬಣ್ಣಗಳನ್ನೇ. ಸಂತೆಯಲ್ಲಿ ಜವಾರಿ ಕೋಳಿ ಎಂದು ನಂಬಿಸುವುದೂ ಆ ಬಣ್ಣವೇ. ಆದರೆ ತಾಯಿ ಕರಿ, ತಂದೆ ಕೆಂಪು ಆಗಿದ್ದರೂ ಪಿಳ್ಳೆಗಳಲ್ಲಿ ಕೆಲವು ಬೇರೆಯೇ ಬಣ್ಣ ತಾಳುವುದೇಕೆ? ಈ ಪ್ರಶ್ನೆಗೆ ಉತ್ತರ ಹುಡುಕಿದ ವಿಜ್ಞಾನವೇ ಮುಂದೆ ಕರ್ನಾಟಕಕ್ಕೆ ಗಿರಿರಾಜ ಕೋಳಿಯನ್ನು ಕೊಟ್ಟಿತು. ಜೊತೆಗೆ, ಹಿತ್ತಲಿನ ಕೈಯಲ್ಲಿದ್ದ ಒಂದು ಸ್ವಾತಂತ್ರ್ಯವನ್ನು ಪ್ರಶ್ನೆಯಾಗಿಸಿತು.

ಕಾಡಿನ ನೆಂಟರು

ಸಾಕುಕೋಳಿಗಳ ಮುಖ್ಯ ಪೂರ್ವಜ ಏಷ್ಯಾದ ಕೆಂಪು ಕಾಡುಕೋಳಿ. ಚಾರ್ಲ್ಸ್ ಡಾರ್ವಿನ್ 19ನೇ ಶತಮಾನದಲ್ಲಿಯೇ ಈ ತೀರ್ಮಾನಕ್ಕೆ ಬಂದಿದ್ದ. ಆದರೆ ಅದೊಂದೇ ಅಲ್ಲ ಎಂಬುದು 2008ರಲ್ಲಿ ಸ್ಪಷ್ಟವಾಯಿತು. ಅನೇಕ ಕೋಳಿಗಳಲ್ಲಿ ಕಾಣುವ ಹಳದಿ ಚರ್ಮ, ಹಳದಿ ಕಾಲಿನ ಗುಣ ಬಂದಿರುವುದು ಬಹುಮಟ್ಟಿಗೆ ಬೂದು ಕಾಡುಕೋಳಿಯಿಂದ ಎಂದು ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ವಿಜ್ಞಾನಿಗಳನ್ನೊಳಗೊಂಡ ತಂಡ ತೋರಿಸಿತು. ಈ ಹಕ್ಕಿ ಭಾರತದ್ದೇ. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಇಂದಿಗೂ ಅದರ ಕೂಗು ಕೇಳುತ್ತದೆ. ಜಗತ್ತಿನ ಮೂಲೆಮೂಲೆಯ ಹಳದಿ ಕಾಲಿನ ಕೋಳಿಗಳಿಗೆ ಹೀಗೆ ನಮ್ಮ ಕಾಡಿನ ನೆಂಟಸ್ತಿಕೆಯಿದೆ.

ಬಣ್ಣವನ್ನು ಆಯ್ದು ಉಳಿಸಿಕೊಂಡವರು ಮಾತ್ರ ಸಾಕಿದ ಜನ. ತುಳುನಾಡಿನಲ್ಲಿ ಕೋಳಿ ಅಂಕಕ್ಕಾಗಿಯೇ 'ಕುಕ್ಕುಟ ಪಂಚಾಂಗ'ವಿದೆ. ಯಾವ ದಿನ ಯಾವ ಬಣ್ಣದ ಹುಂಜಕ್ಕೆ ಗೆಲುವು ಎಂಬುದು ಅದರ ಲೆಕ್ಕ. ಹರಕೆಗೆ ಇಂಥದೇ ಬಣ್ಣದ ಕೋಳಿ ಬೇಕೆನ್ನುವವರೂ ಉಂಟು. ಇದರ ಹಿಂದೆ ಬದುಕಿನ ವಿವೇಕವೂ ಇದೆ. ಬಯಲಿನಲ್ಲಿ ಕೆದರಿ ತಿನ್ನುವ ಬಿಳಿ ಕೋಳಿ ಹದ್ದಿನ ಕಣ್ಣಿಗೆ ಬೇಗ ಬೀಳುತ್ತದೆ. ಕಂದು, ಮಚ್ಚೆಯ ಕೋಳಿ ಮಣ್ಣಿನಲ್ಲಿ ಮರೆಯಾಗುತ್ತದೆ.

ನಾಲ್ಕು ಪಿಳ್ಳೆಗಳ ಗಣಿತ

ಗ್ರೆಗರ್ ಮೆಂಡೆಲ್ ಬಟಾಣಿ ಗಿಡಗಳಲ್ಲಿ ಕಂಡುಕೊಂಡ ಅನುವಂಶೀಯತೆಯ ನಿಯಮಗಳು 1866ರಲ್ಲಿ ಪ್ರಕಟವಾದರೂ ಜಗತ್ತು ಅವನ್ನು ಗಮನಿಸಿದ್ದು 1900ರಲ್ಲಿ. ಈ ನಿಯಮ ಗಿಡಗಳಿಗಷ್ಟೇ ಅಲ್ಲ, ಪ್ರಾಣಿಗಳಿಗೂ ಅನ್ವಯಿಸುತ್ತದೆಂದು ಇಂಗ್ಲೆಂಡಿನ ವಿಲಿಯಂ ಬೇಟ್ಸನ್ 1902ರಲ್ಲಿ ತೋರಿಸಿದ. ಅವನಿಗೆ ಸಾಕ್ಷಿ ಒದಗಿಸಿದ್ದು ಕೋಳಿಯ ಜುಟ್ಟು.

ಪುಕ್ಕದ ಬಣ್ಣಕ್ಕೆ ಆಂಡಲೂಸಿಯನ್ ಎಂಬ ನೀಲಿಬೂದು ಕೋಳಿ ಒಳ್ಳೆಯ ಉದಾಹರಣೆ. ನೀಲಿ ಹುಂಜ, ನೀಲಿ ಹೇಂಟೆ ಕೂಡಿದರೆ ಎಲ್ಲ ಪಿಳ್ಳೆಗಳೂ ನೀಲಿಯಾಗುವುದಿಲ್ಲ. ಸರಾಸರಿ ನಾಲ್ಕರಲ್ಲಿ ಎರಡು ನೀಲಿ, ಒಂದು ಕಪ್ಪು, ಇನ್ನೊಂದು ಮಚ್ಚೆಯುಳ್ಳ ಬಿಳಿ. ಕಪ್ಪು ಹಾಗೂ ಮಚ್ಚೆ ಬಿಳಿ ಕೋಳಿಗಳನ್ನು ಕೂಡಿಸಿದರೆ ಮಾತ್ರ ಎಲ್ಲವೂ ನೀಲಿ! ಅಂದರೆ ನೀಲಿ ಬಣ್ಣ ತಾನಾಗಿ ನಿಲ್ಲುವುದಿಲ್ಲ. ಅದನ್ನು ಪ್ರತಿ ಸಲವೂ ಹೊಸದಾಗಿ ಮಾಡಿಕೊಳ್ಳಬೇಕು.

ಬಿಳಿ ಲೆಗಾರ್ನ್‌ನ ಕಥೆ ಬೇರೆ. ಅದರ ಬಿಳುಪು ಪ್ರಬಲ ಗುಣ. ಲೆಗಾರ್ನ್ ಹುಂಜವನ್ನು ಬಣ್ಣದ ನಾಡಕೋಳಿಗೆ ಬಿಟ್ಟರೆ ಮೊದಲ ಪೀಳಿಗೆ ಹೆಚ್ಚುಕಡಿಮೆ ಬೆಳ್ಳಗಿರುತ್ತದೆ. ಆ ಪಿಳ್ಳೆಗಳು ಬೆಳೆದು ತಮ್ಮತಮ್ಮಲ್ಲೇ ಕೂಡಿದಾಗ ಅಡಗಿದ್ದ ಅಜ್ಜಿಯ ಬಣ್ಣ ಮೊಮ್ಮಕ್ಕಳಲ್ಲಿ ಹೊರಬೀಳುತ್ತದೆ. ಕರಿ ಹೇಂಟೆಯ ಬುಟ್ಟಿಯಲ್ಲಿ ಬೇರೆ ಬಣ್ಣದ ಪಿಳ್ಳೆ ಕಾಣುವ ಗುಟ್ಟೂ ಇಂಥದೇ.

ಹೆಬ್ಬಾಳದ ಉತ್ತರ

ಲೆಗಾರ್ನ್ ಹೆಚ್ಚು ಮೊಟ್ಟೆಯಿಡುತ್ತದೆ, ಆದರೆ ಅದಕ್ಕೆ ಶೆಡ್ಡು ಬೇಕು, ಕೊಂಡ ಆಹಾರ ಬೇಕು. ಜವಾರಿ ಕೋಳಿ ತಿಪ್ಪೆ ಕೆದರಿ ಬದುಕುತ್ತದೆ, ಆದರೆ ವರ್ಷಕ್ಕೆ ಐವತ್ತು ಅರುವತ್ತು ತತ್ತಿಯಿಟ್ಟರೆ ಹೆಚ್ಚು. ಈ ಎರಡರ ನಡುವಿನ ಹಕ್ಕಿಯನ್ನು 1980ರ ದಶಕದಲ್ಲಿ ರೂಪಿಸಿದವರು ಬೆಂಗಳೂರು ಕೃಷಿ ವಿಶ್ವವಿದ್ಯಾಲಯಕ್ಕೆ ಅಂದು ಸೇರಿದ್ದ ಹೆಬ್ಬಾಳದ ಪಶುವೈದ್ಯ ಕಾಲೇಜಿನ ಕೋಳಿ ವಿಜ್ಞಾನಿಗಳು. ಅದೇ ಗಿರಿರಾಜ. ಹಿತ್ತಲಿನಲ್ಲಿ ಬದುಕಬಲ್ಲ ಈ ಕೋಳಿ ವರ್ಷಕ್ಕೆ 130ರಿಂದ 150 ಮೊಟ್ಟೆ ಕೊಡಬಲ್ಲದು. ಅದಕ್ಕೆ ನಾಡಕೋಳಿಯಂತೆ ಬಣ್ಣಬಣ್ಣದ ಪುಕ್ಕವನ್ನು ಉಳಿಸಿದ್ದು ಜಾಣತನವೇ ಸರಿ. ಬಿಳಿಯದಾಗಿದ್ದರೆ ಹಳ್ಳಿಯವರು ಅದನ್ನು ಫಾರಂ ಕೋಳಿಯೆಂದೇ ಎಣಿಸುತ್ತಿದ್ದರು. 2005ರಲ್ಲಿ ಅದೇ ಸಾಲಿನ ಸ್ವರ್ಣಧಾರಾ ತಳಿಯೂ ಬಿಡುಗಡೆಯಾಯಿತು.

ಆದರೆ ಗಿರಿರಾಜ ಮಿಶ್ರತಳಿ. ಕಪ್ಪು ಮತ್ತು ಬಿಳಿ ಕೂಡಿ ನೀಲಿಯಾದಂತೆ, ಬೇರೆ ಬೇರೆ ಮೂಲ ತಳಿಗಳ ಸಂಯೋಗದಿಂದ ಹುಟ್ಟುವ ಹುರುಪು ಅದರದು. ಅದರ ತತ್ತಿಗಳನ್ನೇ ಮನೆಯಲ್ಲಿ ಮರಿ ಮಾಡಿಸಿದರೆ ಮುಂದಿನ ಪೀಳಿಗೆಯಲ್ಲಿ ಗುಣಗಳು ಚದರಿಹೋಗುತ್ತವೆ. ಪುಕ್ಕ ಬಣ್ಣದ್ದೇ ಇರಬಹುದು, ತೂಕ, ತತ್ತಿ ಮಾತ್ರ ಮೊದಲಿನಂತಿರದು. ಹೀಗಾಗಿ ಪ್ರತಿ ಸಲವೂ ಮರಿ ಕೇಂದ್ರದಿಂದಲೇ ಮರಿ ತರಬೇಕೆಂದು ತಜ್ಞರು ಹೇಳುತ್ತಾರೆ.

ಧಾರವಾಡದ ಸೀಮೆಗೆ ಇದು ಹೊಸ ಪಾಠವೇನಲ್ಲ. 1972ರಲ್ಲಿ ಧಾರವಾಡದ ಸಂಶೋಧನಾ ಕೇಂದ್ರದಿಂದ ವರಲಕ್ಷ್ಮಿ ಮಿಶ್ರತಳಿ ಹತ್ತಿ ಹೊರಬಂದಾಗ ರೈತರು ಇದೇ ಲೆಕ್ಕ ಕಲಿತಿದ್ದರು. ಇಳುವರಿ ಹೆಚ್ಚು, ಆದರೆ ಮನೆಯ ಬೀಜ ಮರುವರ್ಷಕ್ಕೆ ಬಾರದು. ಹತ್ತಿಯ ಬೀಜವನ್ನು ಕೊಳ್ಳುವ ನಿರ್ಧಾರ ಬಹುಮಟ್ಟಿಗೆ ಗಂಡಸರದು. ಕೋಳಿಯ ತತ್ತಿಯಾದರೋ ಮನೆಯ ಹೆಂಗಸಿನ ಕೈಗಂಟು. ಎಷ್ಟು ಮಾರಬೇಕು, ಎಷ್ಟು ಕಾವಿಗೆ ಇಡಬೇಕು ಎಂಬುದು ಆಕೆಯದೇ ತೀರ್ಮಾನ. ಮರಿಯನ್ನು ಕೊಂಡೇ ತರಬೇಕಾದಾಗ ಆ ತೀರ್ಮಾನ ಹಿತ್ತಲು ದಾಟಿ ಹೋಗುತ್ತದೆ.

ಹಾಗೆಂದು ಗಿರಿರಾಜವನ್ನು ದೂರಬೇಕಿಲ್ಲ. ಹೆಚ್ಚಿನ ತತ್ತಿ ಬಡವರ ಮನೆಗೆ ನಿಜವಾದ ಲಾಭ. ಆದರೆ ಹೆಚ್ಚು ಮೊಟ್ಟೆಗಾಗಿ ಆಯ್ದ ಕೋಳಿಗಳಲ್ಲಿ ಕಾವು ಕೂಡುವ ಗುಣ ಕುಗ್ಗುತ್ತದೆ. ಇಪ್ಪತ್ತೊಂದು ದಿನ ಕದಲದೆ ಕೂತು ಮರಿ ಮಾಡಿ, ಹದ್ದು ಎರಗಿದಾಗ ರೆಕ್ಕೆಯಡಿ ಬಚ್ಚಿಡುವ ಗುಣ ಜವಾರಿ ಹೇಂಟೆಯದು. ಮಿಶ್ರತಳಿಯ ಹುಂಜ ಮನಬಂದಂತೆ ಬೆರೆತರೆ ಆ ಗುಣವೂ ನಿಧಾನವಾಗಿ ಕರಗೀತು. ಹೊಸ ಕೋಳಿ ತಂದವರು ಜವಾರಿ ಹುಂಜವನ್ನೂ ಕಾವು ಕೂಡುವ ಹೇಂಟೆಯನ್ನೂ ಬೇರೆಯಾಗಿ ಉಳಿಸಿಕೊಳ್ಳುವುದು ಲೇಸು. ಮುಂದೊಂದು ತಳಿ ಮಾಡಬೇಕಾದರೂ ವಿಜ್ಞಾನಿ ಹುಡುಕಿಕೊಂಡು ಬರಬೇಕಾದದ್ದು ಆ ಬುಟ್ಟಿಯ ಬಳಿಗೇ.