ಪಾದ್ರಿ ಯಾರ ಹೊಸ್ತಿಲು ತುಳಿದ?

ರಾಮನಗರ ದಾಟಿ ಚನ್ನಪಟ್ಟಣಕ್ಕೆ ಹೋಗೋ ದಾರಿಯಲ್ಲಿ ಕೆಂಗಲ್ ಸಿಗುತ್ತದೆ. ಕೆಂಗಲ್ ಅಂದರೆ ಆಂಜನೇಯನ ಗುಡಿ, ಕೆಂಗಲ್ ಅಂದರೆ ವಿಧಾನಸೌಧ ಕಟ್ಟಿಸಿದ ಹನುಮಂತಯ್ಯ. ನಮಗೆ ಹೇಳಿಕೊಟ್ಟಿದ್ದು ಇಷ್ಟೇ. ಆದರೆ ಈ ಸೀಮೆಗೆ ಏಸುವಿನ ಹೆಸರು ಹಿಡಿದು ಬಂದವರ ಚರಿತ್ರೆಯೂ ಉಂಟು. ಪಕ್ಕದ ಕನಕಪುರ ತಾಲೂಕಿನಲ್ಲಿ ಹಾರೋಬೆಲೆಯಂಥ ಹಳೆಯ ಕ್ರೈಸ್ತ ಊರಿದೆ. ಈ ಚರಿತ್ರೆಯನ್ನು ಬರೆದವರು ಹೆಚ್ಚಾಗಿ ಬೋಧಕರೇ. ಬೋಧಕ ಬರುವ ಮುಂಚೆ ನೆಲ ಸಾರಿಸಿದವರ ಕಡೆಯಿಂದ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಬಂದವನು ಯಾರ ಮನೆಯಲ್ಲಿ ಉಂಡ?

ಭಾನುವಾರದ ಆರಾಧನೆಗೆ ಹೊರಗಿನ ಬೋಧಕರು ಬರ್ತಾರೆ ಅಂದರೆ ಸಭೆಗೆ ಹಬ್ಬ. ಶನಿವಾರವೇ ಕಸ ಗುಡಿಸಬೇಕು, ಚಾಪೆ ಹಾಸಬೇಕು, ಹಾಡು ಕಲೀಬೇಕು, ವಾಕ್ಯ ಓದೋ ಹುಡುಗಿಗೆ ಪುಟ ಗುರುತು ಮಾಡಿಕೊಡಬೇಕು. ರೇಷ್ಮೆ ಹುಳಕ್ಕೆ ಭಾನುವಾರ ಗೊತ್ತಿಲ್ಲ. ಬೆಳಗಾಗೆದ್ದು ಅದಕ್ಕೆ ಸೊಪ್ಪು ಹಾಕಿಯೇ ಬರಬೇಕು. ಇದನ್ನೆಲ್ಲ ಮಾಡುವ ಹೆಂಗಸರ, ಕೂಲಿಯವರ ಹೆಸರು ಯಾರ ವರದಿಗೂ ಬೇಕಾಗಲಿಲ್ಲ.

ಮೊದಲಿಂದಲೂ ಹೀಗೇ. 17ನೇ ಶತಮಾನದ ನಡುವೆ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಶನ್ ಶುರು ಮಾಡಿದ. ಪಾದ್ರಿಗಳು ಕೆಲವೇ ಜನ, ಹಳ್ಳಿಗಳು ದೂರ ದೂರ. ಪಾದ್ರಿ ಬರೋದು ವರ್ಷಕ್ಕೆ ಒಂದೆರಡು ಸಲ. ಮಿಕ್ಕ ದಿನಗಳಲ್ಲಿ ಜಪ ಕಲಿಸಿ, ಜಗಳ ಬಿಡಿಸಿ, ಜನರನ್ನು ಅಣಿ ಮಾಡಿದವನು ಉಪದೇಶಿ. ಸಭೆ ಉಳಿದದ್ದು ಇಂಥವರಿಂದ.

ಆದರೆ ಬಂದ ಪಾದ್ರಿ ಕಾವಿ ಉಟ್ಟಿದ್ದ! 1606ರಲ್ಲಿ ಮಧುರೆಗೆ ಬಂದ ರಾಬರ್ಟೊ ಡಿ ನೊಬಿಲಿ ಹಾಕಿಕೊಟ್ಟ ದಾರಿ ಅದು. ಬ್ರಾಹ್ಮಣರ ಅಡಿಗೆಯವನು, ಮಾಂಸವಿಲ್ಲದ ಊಟ, ಸನ್ಯಾಸಿಯ ವೇಷ. ಮೈಸೂರಿನ ಪಾದ್ರಿಗಳೂ ಅದನ್ನೇ ಹಿಡಿದರು. ಮೇಲ್ಜಾತಿಯ ಮನೆ ಬಾಗಿಲು ತೆರೆಯಬೇಕಾದರೆ ಹೊಲಗೇರಿಯ ಬಾಗಿಲು ತಟ್ಟಬಾರದು ಅನ್ನೋದೇ ಇದರ ಲೆಕ್ಕ. ಬಡಗಿಯ ಮಗನ ಸುದ್ದಿ ಹೇಳಲು ಬಂದವರಿಗೆ ಮಡಿ ಬೇಕಾಯ್ತು!

1704ರಲ್ಲಿ ಪೋಪನ ಪ್ರತಿನಿಧಿ ಟೂರ್ನೋನ್ ಪುದುಚೇರಿಯಲ್ಲಿ ಒಂದು ಆಜ್ಞೆ ಹೊರಡಿಸಿದ. ಮಧುರೆ, ಮೈಸೂರು, ಕರ್ನಾಟಿಕ್ ಮಿಶನ್ನುಗಳ ಪಾದ್ರಿಗಳು ಸಾಯುತ್ತಿರುವ ಹೊಲೆಯನ ಗುಡಿಸಲಿನೊಳಗೂ ಹೋಗಿ ಸಂಸ್ಕಾರ ಕೊಡಬೇಕು ಅಂದ. ಪಾದ್ರಿಗಳು ತಕರಾರು ತೆಗೆದರು. ಒಳಗೆ ಹೋದರೆ ಮೇಲ್ಜಾತಿಯವರು ನಮ್ಮನ್ನು ಸೇರಿಸೋದಿಲ್ಲ ಅಂದರು. ವಾದ ರೋಮಿನ ತನಕ ಹೋಗಿ ನಲವತ್ತು ವರ್ಷ ನಡೆಯಿತು. 1744ರಲ್ಲಿ 14ನೇ ಬೆನೆಡಿಕ್ಟ್ ಪೋಪ್ ಕೊಟ್ಟ ಪರಿಹಾರ ಏನು ಗೊತ್ತೇ? ಅಸ್ಪೃಶ್ಯರಿಗೆ ಬೇರೆ ಪಾದ್ರಿಗಳು! ನಮ್ಮ ಹೊಸ್ತಿಲು ದಾಟುವ ಬದಲು ದೇವರ ಸೇವೆಯನ್ನೇ ಎರಡು ಮಾಡಿದರು. ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದ ಫ್ರೆಂಚ್ ಪಾದ್ರಿ ದ್ಯುಬುವಾ ಜಾತಿಪದ್ಧತಿಯನ್ನು ಹಿಂದೂ ಶಾಸನಕಾರರ ದೊಡ್ಡ ಸಾಧನೆ ಎಂದೇ ಹೊಗಳಿ ಬರೆದ.

ನಂತರ ಬಂದ ಪ್ರಾಟೆಸ್ಟೆಂಟ್ ಮಿಶನ್ನಿನವರು ಈ ಗಂಟನ್ನು ತಟ್ಟೆಯಲ್ಲೇ ಬಿಚ್ಚಲು ನೋಡಿದರು. ಜಾತಿ ಬಿಟ್ಟವನು ಪರಯರು ಮಾಡಿದ ಅಡಿಗೆ ಉಂಡು ತೋರಿಸಬೇಕು ಎಂದು 1850ರಲ್ಲಿ ಮದರಾಸಿನ ಮಿಶನರಿಗಳ ಸಮ್ಮೇಳನ ತೀರ್ಮಾನಿಸಿತು. ಈ ಮಾತು ದೊಡ್ಡದು. ಆದರೆ ಊಟದ ಪಂಕ್ತಿ ಕಲೆತಷ್ಟು ಸುಲಭವಾಗಿ ಮದುವೆಯ ಚಪ್ಪರ ಕಲೆಯಲಿಲ್ಲ, ಸ್ಮಶಾನ ಕಲೆಯಲಿಲ್ಲ.

ಗುಡಿ ಬಿಟ್ಟು ಬಂದವನನ್ನು ಕಾನೂನೂ ಕೈಬಿಟ್ಟಿತು. 1950ರ ಆಗಸ್ಟ್ 10ರ ರಾಷ್ಟ್ರಪತಿಗಳ ಆದೇಶ ಹಿಂದೂಗಳಲ್ಲದವರನ್ನು ಪರಿಶಿಷ್ಟ ಜಾತಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತನಾದ ದಲಿತ ಹೊರಗೇ ಉಳಿದ. ಕರ್ನಾಟಕದಲ್ಲಿ ಅವನಿಗೆ ಸಿಕ್ಕಿದ್ದು ಹಿಂದುಳಿದ ವರ್ಗಗಳ ಪ್ರವರ್ಗ-1. ಅವನಿಗೆ ಊರವರು ಜಾತಿ ಹಿಡಿದು ಹೊಡೆದರೂ 1989ರ ದೌರ್ಜನ್ಯ ತಡೆ ಕಾಯ್ದೆ ಅವನ ಪಾಲಿಗಿಲ್ಲ. ಹೊಡೆಯೋರಿಗೆ ಅವನ ಜಾತಿ ಗೊತ್ತು, ಕಾಗದಕ್ಕೆ ಗೊತ್ತಿಲ್ಲ!

ಗೆಳೆಯರೇ, ಬೋಧಕರು ಬರಲಿ, ಒಳ್ಳೆಯ ಮಾತು ಹೇಳಲಿ. ಆದರೆ ಸಭೆಯನ್ನು ಅಣಿ ಮಾಡೋದು ಅಂದರೆ ಚಾಪೆ ಹಾಸೋದಷ್ಟೇ ಅಲ್ಲ. ಮುಂದಿನ ಸಾಲಿನಲ್ಲಿ ಯಾರು ಕೂರ್ತಾರೆ, ವಾಕ್ಯ ಯಾರು ಓದ್ತಾರೆ, ಪಂಚಾಯ್ತಿಯಲ್ಲಿ ಕೈ ಎತ್ತೋರು ಯಾರು, ಇವನ್ನು ಶನಿವಾರವೇ ತೀರ್ಮಾನಿಸಬೇಕು. ಹಳ್ಳಿಯ ಮೇಷ್ಟ್ರುಗಳು ಉಪದೇಶಿಗಳ ಹೆಸರನ್ನು, ನೆಲ ಸಾರಿಸಿದ ಅವ್ವಂದಿರ ಹೆಸರನ್ನು ಕೇಳಿ ಬರೆದಿಡಬೇಕು. ಬೋಧಕರಿಗೆ ಅಡಿಗೆ ಹಟ್ಟಿಯಲ್ಲೇ ಆಗಲಿ. ಅವರು ಉಂಡ ಮೇಲೆ ಬೋಧನೆ ಕೇಳೋಣ.