ಹಗುರ ಟಾರ್ಪಾಲ್ ರಾತ್ರಿ ಸೋರುತ್ತದೆ ಎಂಬುದು ನಿಜವೇ?

ಸೈಕಲ್ ಪ್ರವಾಸಕ್ಕೆ ತೆಳು ಟಾರ್ಪಾಲ್ ಒಯ್ದವರು ‘ರಾತ್ರಿಯೆಲ್ಲ ಸೋರಿತು’ ಎನ್ನುವುದುಂಟು. ಮಳೆಯೇ ಬಾರದ ರಾತ್ರಿಯೂ ಒಳಮೈ ಒದ್ದೆಯಾಗಿದ್ದರೆ ಅದು ಸೋರಿಕೆಯಲ್ಲ. ನಮ್ಮ ಉಸಿರಿನ ಮತ್ತು ನೆಲದ ತೇವ ತಣ್ಣಗಾದ ಬಟ್ಟೆಗೆ ತಾಗಿ ಹನಿಯಾಗುತ್ತದೆ, ಫ್ರಿಜ್ಜಿನಿಂದ ತೆಗೆದ ಬಾಟಲಿ ಬೆವರುವ ಹಾಗೆ. ದಪ್ಪನೆಯದು ಕೊಂಡರೂ ಇದು ತಪ್ಪದು, ಹೊರೆ ಮಾತ್ರ ಹೆಚ್ಚುತ್ತದೆ.

ಆದರೆ ಹನಿಯನ್ನು ಕಡೆಗಣಿಸುವಂತಿಲ್ಲ. ಹಕ್ಕಿಯ ತುಪ್ಪಳ ತುಂಬಿದ ಸ್ಲೀಪಿಂಗ್ ಬ್ಯಾಗ್ ನೆನೆದರೆ ಬೆಚ್ಚಗಿಡುವುದಿಲ್ಲ. ಬೆಟ್ಟದ ಚಳಿಯಲ್ಲಿ ಅದು ಅಪಾಯ. ಒಬ್ಬರಿಗೂ ಸುಮಾರು 3 ಮೀಟರ್ ಉದ್ದ, 2.5 ಮೀಟರ್ ಅಗಲದ್ದನ್ನು ಕೊಳ್ಳಿ. ಅಂಚುಗಳನ್ನು ನೆಲದಿಂದ ಎತ್ತಿ ಕಟ್ಟಿದರೂ ಎರಚಲು ತಾಗದು, ಗಾಳಿ ಆಡುತ್ತದೆ. ಸಿಲಿಕೋನ್ ಲೇಪದ ನೈಲಾನ್ ನೆನೆದಾಗ ಹಿಗ್ಗಿ ಜೋಲುತ್ತದೆ, ನಡುರಾತ್ರಿ ಎದ್ದು ಹಗ್ಗ ಬಿಗಿಯಬೇಕು! ಪಾಲಿಯೆಸ್ಟರ್ ಅಷ್ಟು ಹಿಗ್ಗದು. ನಾವಾದರೆ ಅದನ್ನೇ ಆರಿಸುತ್ತೇವೆ. ಹಳ್ಳದ ಪಕ್ಕದ ತಗ್ಗಿನಲ್ಲಿ ಕಟ್ಟಬೇಡಿ, ತೇವದ ತಣ್ಣನೆಯ ಗಾಳಿ ಬಂದು ನಿಲ್ಲುವುದು ಅಲ್ಲೇ.