ಲೋಗೊ ಭಾಷೆ ಮತ್ತು ಕಲಿಕೆಯ ಶೈಲಿಗಳು

ಲೋಗೊ ಮಕ್ಕಳ ಕಲಿಕೆಗೆಂದೇ ರೂಪುಗೊಂಡ ಪ್ರೋಗ್ರಾಮಿಂಗ್ ಭಾಷೆ. 1967ರಲ್ಲಿ ಅಮೆರಿಕದ ಬೋಲ್ಟ್, ಬೆರಾನೆಕ್ ಅಂಡ್ ನ್ಯೂಮನ್ ಸಂಸ್ಥೆಯಲ್ಲಿ ವಾಲಿ ಫ್ಯೂರ್ಜೈಗ್, ಸೀಮೋರ್ ಪ್ಯಾಪರ್ಟ್, ಸಿಂಥಿಯಾ ಸಾಲಮನ್ ಮೊದಲಾದವರು ಇದನ್ನು ಸಿದ್ಧಪಡಿಸಿದರು. ಜಿನೀವಾದಲ್ಲಿ ಮನೋವಿಜ್ಞಾನಿ ಜೀನ್ ಪಿಯಾಜೆಯವರೊಡನೆ ಕೆಲಸ ಮಾಡಿದ್ದ ಪ್ಯಾಪರ್ಟ್, ಕಂಪ್ಯೂಟರು ಮಗುವಿಗೆ ಪಾಠ ಒಪ್ಪಿಸುವುದಕ್ಕಿಂತ ಮಗುವೇ ಕಂಪ್ಯೂಟರಿಗೆ ಕಲಿಸಬೇಕು ಎಂಬ ನಿಲುವನ್ನು 1980ರ 'ಮೈಂಡ್‌ಸ್ಟಾರ್ಮ್ಸ್' ಗ್ರಂಥದಲ್ಲಿ ಮಂಡಿಸಿದರು.

ಆಮೆಯ ರೇಖಾಗಣಿತ

ಲೋಗೊವಿನ ಪ್ರಸಿದ್ಧ 'ಆಮೆ' ಮೊದಲು ನೆಲದ ಮೇಲೆ ಚಲಿಸುವ ಯಂತ್ರವಾಗಿತ್ತು. ಬಳಿಕ ಪರದೆಯ ಮೇಲಿನ ಗುರುತಾಯಿತು. 'ಮುಂದೆ ನಡೆ', 'ಬಲಕ್ಕೆ ತಿರುಗು' ಎಂಬಂತಹ ಆಜ್ಞೆಗಳನ್ನು ಪಾಲಿಸುತ್ತ ಅದು ಗೆರೆ ಎಳೆಯುತ್ತದೆ. ಸಮಬಾಹು ತ್ರಿಭುಜದ ಒಳಕೋನ 60 ಡಿಗ್ರಿ ಎಂದು ಬಾಯಿಪಾಠ ಮಾಡಿದ ವಿದ್ಯಾರ್ಥಿ ಆಮೆಯನ್ನು 60 ಡಿಗ್ರಿಯಷ್ಟೇ ತಿರುಗಿಸಿದರೆ ಮೂರು ಗೆರೆಗಳು ಕೂಡುವುದಿಲ್ಲ. ಅರ್ಧ ಷಟ್ಕೋನ ಮೂಡುತ್ತದೆ. ತಿರುಗಬೇಕಾದದ್ದು 120 ಡಿಗ್ರಿ, ಅಂದರೆ ಹೊರಕೋನ. ಇದನ್ನು ಲೆಕ್ಕ ಹಾಕಿ ಕಂಡುಕೊಳ್ಳಬಹುದು. ಆಮೆಯ ಜಾಗದಲ್ಲಿ ತಾನೇ ನಿಂತು ನಡೆದೂ ಕಂಡುಕೊಳ್ಳಬಹುದು. ಎರಡನೆಯ ದಾರಿ ಕೀಳೆಂದು ಪ್ಯಾಪರ್ಟ್ ಭಾವಿಸಲಿಲ್ಲ.

ಯೋಜಕರು ಮತ್ತು ಜೋಡಿಸುವವರು

ಶೆರಿ ಟರ್ಕಲ್ ಮತ್ತು ಪ್ಯಾಪರ್ಟ್ 1990ರಲ್ಲಿ ಪ್ರಕಟಿಸಿದ ಪ್ರಬಂಧ ಪ್ರೋಗ್ರಾಮ್ ಬರೆಯುವ ಎರಡು ಬಗೆಗಳನ್ನು ಗುರುತಿಸಿತು. ಯೋಜಕರು ಸಮಸ್ಯೆಯನ್ನು ಮೊದಲೇ ಭಾಗಗಳಾಗಿ ಒಡೆದು ಮೇಲಿನಿಂದ ಕೆಳಕ್ಕೆ ಸಾಗುತ್ತಾರೆ. ಮತ್ತೊಂದು ಬಗೆಯವರಿಗೆ ಮಾನವಶಾಸ್ತ್ರಜ್ಞ ಲೆವಿ ಸ್ಟ್ರಾಸ್ ಬಳಸಿದ 'ಬ್ರಿಕೊಲರ್' ಎಂಬ ಫ್ರೆಂಚ್ ಪದವನ್ನು ಎರವಲು ತರಲಾಯಿತು. ಕನ್ನಡದಲ್ಲಿ ಕೈಗೆಟಕಿದ ಸಾಮಗ್ರಿಯನ್ನೇ ಜೋಡಿಸಿ, ಕಳಚಿ, ಮತ್ತೆ ಜೋಡಿಸುವವರು ಎನ್ನಬೇಕಾದೀತು. ಹಾರ್ವರ್ಡ್‌ನ ಆರಂಭಿಕ ತರಗತಿಯಲ್ಲಿ ಪಿಯಾನೊ ನುಡಿಸುತ್ತಿದ್ದ ಒಬ್ಬ ವಿದ್ಯಾರ್ಥಿನಿಗೆ ಸಿದ್ಧ ಘಟಕಗಳನ್ನು ಒಳಗೇನಿದೆಯೆಂದು ತಿಳಿಯದೆ ಬಳಸುವುದು ಒಗ್ಗಲಿಲ್ಲ. ಸಂಗೀತವನ್ನು ಸಣ್ಣ ತುಣುಕುಗಳಿಂದ ಕಟ್ಟಿಕೊಳ್ಳುವಂತೆ ಪ್ರೋಗ್ರಾಮನ್ನೂ ಕಟ್ಟಲು ಆಕೆ ಬಯಸಿದಳು. ಆ ಕ್ರಮ ತಪ್ಪೆಂದು ತಿದ್ದಲಾಯಿತು. ಒಂದೇ ಶೈಲಿಯನ್ನು ಕಡ್ಡಾಯ ಮಾಡಿದರೆ ಸಮರ್ಥರೂ, ಅದರಲ್ಲೂ ಅನೇಕ ಹೆಣ್ಣುಮಕ್ಕಳು, ಕಂಪ್ಯೂಟರಿನಿಂದ ದೂರ ಸರಿಯುತ್ತಾರೆಂಬುದು ಪ್ರಬಂಧದ ಮುಖ್ಯ ವಾದ.

ಆಕ್ಷೇಪ

ಮಕ್ಕಳನ್ನು 'ನೋಡಿ ಕಲಿಯುವವರು', 'ಕೇಳಿ ಕಲಿಯುವವರು' ಎಂದು ವಿಂಗಡಿಸುವ ಜನಪ್ರಿಯ ಸಿದ್ಧಾಂತವೇ ಬೇರೆ. ಅಂತಹ ವಿಂಗಡಣೆಗೆ ತಕ್ಕಂತೆ ಬೋಧಿಸಿದರೆ ಕಲಿಕೆ ಸುಧಾರಿಸುತ್ತದೆಂಬುದಕ್ಕೆ ಸಾಕಷ್ಟು ಪುರಾವೆ ಇಲ್ಲವೆಂದು 2008ರಲ್ಲಿ ಹೆರಾಲ್ಡ್ ಪಾಶ್ಲರ್ ಮತ್ತು ಸಂಗಡಿಗರು ತೋರಿಸಿದರು. ಇವೆರಡನ್ನೂ ಒಂದೆಂದು ತಿಳಿಯುವುದು ಸಾಮಾನ್ಯ ಗೊಂದಲ. ಟರ್ಕಲ್ ಮತ್ತು ಪ್ಯಾಪರ್ಟ್ ಕೇಳಿದ್ದು ಪ್ರತಿ ಮಗುವಿಗೊಂದು ಹಣೆಪಟ್ಟಿಯನ್ನಲ್ಲ, ಹಲವು ದಾರಿಗಳಿಗೆ ಸಮಾನ ಮನ್ನಣೆಯನ್ನು.

ಎಂ.ಐ.ಟಿ. ಮೀಡಿಯಾ ಲ್ಯಾಬ್‌ನಲ್ಲಿ ಮಿಚೆಲ್ ರೆಸ್ನಿಕ್ ತಂಡ 2007ರಲ್ಲಿ ಬಿಡುಗಡೆ ಮಾಡಿದ 'ಸ್ಕ್ರ್ಯಾಚ್' ಈ ಪರಂಪರೆಯದೇ. ಅದರಲ್ಲಿ ಆಜ್ಞೆಗಳು ಬಣ್ಣದ ತುಂಡುಗಳಾಗಿದ್ದು, ಪೂರ್ಣ ಪ್ರೋಗ್ರಾಮಿಗೆ ಸೇರಿಸದೆಯೂ ಒಂದೊಂದನ್ನೇ ಒತ್ತಿ ಪರೀಕ್ಷಿಸಬಹುದು.